ಒಂದೇ ಮುಖಪುಟ, ಬೇರೆ ಬೇರೆ ಕತೆ

1939ರ ಬೇಸಿಗೆಯಲ್ಲಿ ಅಮೆರಿಕದ ಯಾವುದೋ ಊರಿನ ಹುಡುಗ 25 ಸೆಂಟನ್ನು ಲಕೋಟೆಯಲ್ಲಿಟ್ಟು ನ್ಯೂಯಾರ್ಕಿನ ಪ್ರಕಾಶಕರಿಗೆ ಕಳಿಸಿದ್ದರೆ, ಅವನ ಮನೆಗೆ ಎರಡು ಪುಸ್ತಕ ಬರುತ್ತಿದ್ದವು. ಒಂದು ಅವನೇ ಕೇಳಿ ತರಿಸಿಕೊಂಡದ್ದು: ಹಲವು ದೇಶಗಳು, ಕಂಪನಿಗಳು ಮಳಿಗೆ ಹಾಕಿದ್ದ ಆ ವರ್ಷದ ನ್ಯೂಯಾರ್ಕ್ ವಿಶ್ವಮೇಳಕ್ಕೆಂದು ತಂದ, ರಟ್ಟಿನ ಹೊದಿಕೆಯ, ನೂರರ ಆಸುಪಾಸು ಪುಟಗಳ ‘ನ್ಯೂಯಾರ್ಕ್ ವರ್ಲ್ಡ್ಸ್ ಫೇರ್ ಕಾಮಿಕ್ಸ್’. ಇನ್ನೊಂದು ಕೇಳದೆ ಬಂದದ್ದು: ‘ಸೂಪರ್‌ಮ್ಯಾನ್’ ಪತ್ರಿಕೆಯ ಮೊದಲ ಅಥವಾ ಎರಡನೇ ಸಂಚಿಕೆ. ಅಷ್ಟು ಹೊತ್ತಿಗೆ ಮೊದಲ ಪುಸ್ತಕದ ಬೆಲೆ 15 ಸೆಂಟಿಗೆ ಇಳಿದಿತ್ತು. ಹುಡುಗ ಹೆಚ್ಚಿಗೆ ಕಳಿಸಿದ್ದ 10 ಸೆಂಟಿನ ಲೆಕ್ಕ ಚುಕ್ತಾ ಮಾಡಲು ಪ್ರಕಾಶಕರು ಹತ್ತು ಸೆಂಟಿನದೇ ಇನ್ನೊಂದು ಪುಸ್ತಕ ಸೇರಿಸಿ ಕಳಿಸುತ್ತಿದ್ದರು. ಹಾಗೆ ಚಿಲ್ಲರೆಯ ಬದಲಿಗೆ ಹಂಚಿಹೋದ ಆ ಸೂಪರ್‌ಮ್ಯಾನ್ ಮೊದಲ ಸಂಚಿಕೆಯ ಒಳ್ಳೆಯ ಸ್ಥಿತಿಯ ಪ್ರತಿಗಳಿಗೆ ಇವತ್ತು ಸಂಗ್ರಾಹಕರು ಲಕ್ಷಾಂತರ ಡಾಲರ್ ಕೊಡುತ್ತಾರೆ.

ಹಳೆಯ ಕಾಮಿಕ್ಸ್ ಬಗ್ಗೆ ಮಾತಾಡುವವರೆಲ್ಲ ಕೊನೆಗೆ ಹರಾಜಿನ ಬೆಲೆಗೇ ಬಂದು ನಿಲ್ಲುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆ 25 ಸೆಂಟು. ಆ ಕಾಲದಲ್ಲಿ ಪೇಪರ್ ಅಂಗಡಿಯ ಯಾವ ಕಾಮಿಕ್ಸ್ ಪುಸ್ತಕವೂ 10 ಸೆಂಟು. ಅರವತ್ತನಾಲ್ಕು ಪುಟ, ತೆಳ್ಳನೆಯ ಹೊದಿಕೆ, ಓದಿ ಗೆಳೆಯನಿಗೆ ದಾಟಿಸಿದರೆ ಮುಗಿಯಿತು. ವಿಶ್ವಮೇಳದ ಸಂಚಿಕೆಗೆ ಅದರ ಎರಡೂವರೆ ಪಟ್ಟು ಬೆಲೆ ಇಟ್ಟರು. ಮೊದಲಿಗೆ ಅದನ್ನು ಮಾರಿದ್ದೂ ಮೇಳದ ಆವರಣದ ಒಳಗೇ. ಮಕ್ಕಳಿಗೆ ಮೇಳದ ಪ್ರವೇಶ ಶುಲ್ಕವೂ 25 ಸೆಂಟೇ ಆಗಿತ್ತು. ಒಳಗೆ ಬರಲು ಕೊಟ್ಟಷ್ಟೇ ಹಣವನ್ನು ಮತ್ತೊಮ್ಮೆ ಕೊಟ್ಟು ಕಾಮಿಕ್ಸ್ ಕೊಳ್ಳುವ ಮಗು ಎಲ್ಲಿ ಸಿಗಬೇಕು? ಪುಸ್ತಕ ಹೋಗಲಿಲ್ಲ. ಉಳಿದ ಪ್ರತಿಗಳನ್ನು ತಮ್ಮ ಬೇರೆ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಅಂಚೆಯಲ್ಲಿ ಮಾರಲು ನೋಡಿದರು. ಅದೂ ಸಾಲದೆ 25ರ ಮೇಲೆ 15ರ ಚೀಟಿ ಅಂಟಿಸಿದರು. ಈಗ ಸಿಗುವ ಪ್ರತಿಗಳಲ್ಲಿ ಹೆಚ್ಚಿನವು ಆ ಚೀಟಿ ಹೊತ್ತವೇ. ಚೀಟಿಯ ವಿನ್ಯಾಸದಲ್ಲೂ ನಾಲ್ಕು ಬಗೆಯನ್ನು ಸಂಗ್ರಾಹಕರು ಗುರುತಿಸಿದ್ದಾರೆ.

ನಮ್ಮಲ್ಲಿ ದೀಪಾವಳಿ ವಿಶೇಷಾಂಕ ಬರುತ್ತದಲ್ಲ, ಅದೇ ಜಾತಿಯ ಪುಸ್ತಕ ಇದು. ವರ್ಷಕ್ಕೊಂದು, ಉಳಿದ ಸಂಚಿಕೆಗಳಿಗಿಂತ ದಪ್ಪ, ಬೆಲೆ ಒಂದು ಕೈ ಮೇಲು, ಮನೆಯ ಬರಹಗಾರರೆಲ್ಲ ಒಂದೇ ಹೊದಿಕೆಯೊಳಗೆ. ಹಬ್ಬದ ಜಾಗದಲ್ಲಿ ಇಲ್ಲಿ ಇದ್ದದ್ದು ಮೇಳ. ಮುಂದೆ ಡಿಸಿ ಎಂದು ಹೆಸರಾದ ಈ ಕಾಮಿಕ್ಸ್ ಪ್ರಕಾಶನ ಸಂಸ್ಥೆ 1939ರಲ್ಲೊಂದು, 1940ರಲ್ಲೊಂದು ಎಂದು ಇಂಥ ಎರಡೇ ಸಂಚಿಕೆ ತಂದಿತು. ಇವನ್ನು ಬಿಡಿಬಿಡಿಯಾಗಿ ಓದಿದರೆ ಹೆಚ್ಚೇನೂ ದಕ್ಕುವುದಿಲ್ಲ, ಕತೆಗಳೂ ಅಂಥ ಘನವಾದವೇನಲ್ಲ. ಒಂದರ ಬೆನ್ನಿಗೆ ಇನ್ನೊಂದನ್ನು ಇಟ್ಟು ಓದಿದಾಗ ನಡುವೆ ಕಳೆದುಹೋದ ಒಂದು ವರ್ಷ ಕಣ್ಣಿಗೆ ಬೀಳುತ್ತದೆ. ಆ ವರ್ಷದಲ್ಲಿ ಲೋಕವೂ ಬದಲಾಗಿತ್ತು, ಕಾಮಿಕ್ಸೂ ಬದಲಾಗಿತ್ತು.

ಮೇಳ ನಡೆದ ಜಾಗ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫ್ಲಶಿಂಗ್ ಮೆಡೋಸ್. ಅದಕ್ಕೂ ಮುಂಚೆ ಅದು ಬೂದಿಗುಡ್ಡೆ. ನಗರದ ಒಲೆಗಳಿಂದ, ಕುಲುಮೆಗಳಿಂದ ಬಂದ ಬೂದಿಯನ್ನು ವರ್ಷಾನುಗಟ್ಟಲೆ ಅಲ್ಲಿ ಸುರಿದಿದ್ದರು. ಉದ್ಯಾನಗಳ ಅಧಿಕಾರಿಯಾಗಿದ್ದ ರಾಬರ್ಟ್ ಮೋಸಸ್‌ಗೆ ಅಲ್ಲೊಂದು ದೊಡ್ಡ ಉದ್ಯಾನ ಬೇಕಿತ್ತು. ಉದ್ಯೋಗವಿಲ್ಲದ ದಶಕದಲ್ಲಿ ನಗರದ ವ್ಯಾಪಾರಸ್ಥರಿಗೆ ಜನರನ್ನು ಸೆಳೆಯುವ ಒಂದು ದೊಡ್ಡ ಕಾರ್ಯಕ್ರಮ ಬೇಕಿತ್ತು. ಎರಡೂ ಒಂದಾಗಿ 1,200 ಎಕರೆಗೂ ಹೆಚ್ಚು ನೆಲ ಸಮತಟ್ಟಾಯಿತು. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿ ನ್ಯೂಯಾರ್ಕಿನಲ್ಲಿ ಪ್ರಮಾಣವಚನ ತೆಗೆದುಕೊಂಡು ಸರಿಯಾಗಿ 150 ವರ್ಷ ತುಂಬಿದ ದಿನ, 1939ರ ಏಪ್ರಿಲ್ 30ರಂದು, ಮೇಳ ಶುರುವಾಯಿತು. ಅಧ್ಯಕ್ಷ ರೂಸ್‌ವೆಲ್ಟ್ ಮಾಡಿದ ಉದ್ಘಾಟನಾ ಭಾಷಣ ಟೆಲಿವಿಷನ್‌ನಲ್ಲಿ ಪ್ರಸಾರವಾಯಿತು. ಅದನ್ನು ಹಿಡಿಯಬಲ್ಲ ಪೆಟ್ಟಿಗೆಗಳು ಊರಲ್ಲಿ ಇದ್ದದ್ದೇ ಬೆರಳೆಣಿಕೆಯಷ್ಟು.

ನಾಳೆಯ ಲೋಕವನ್ನು ಇವತ್ತೇ ತೋರಿಸುತ್ತೇವೆ ಎಂಬುದು ಮೇಳದ ಘೋಷಣೆ. ನಡುಮಧ್ಯೆ ಎರಡು ಬಿಳಿಯ ಆಕಾರಗಳು: 600 ಅಡಿಗೂ ಮಿಕ್ಕಿ ಎದ್ದ, ಮೊನೆಯಂಥ ಸ್ತಂಭ ಟ್ರೈಲಾನ್, ಅದರ ಪಕ್ಕದಲ್ಲಿ 180 ಅಡಿ ಅಡ್ಡಳತೆಯ ಗೋಳ ಪೆರಿಸ್ಫಿಯರ್. ವಾಲೇಸ್ ಹ್ಯಾರಿಸನ್ ಮತ್ತು ಆಂದ್ರೆ ಫೂಲೂ ಎಂಬ ವಾಸ್ತುಶಿಲ್ಪಿಗಳ ಕೆಲಸ. ಗೋಳದ ಒಳಗೆ ಹೋದರೆ ಮುಂದಿನ ಕಾಲದ ಊರೊಂದರ ಮಾದರಿ. ಜನರಲ್ ಮೋಟಾರ್ಸ್ ಮಳಿಗೆಯಲ್ಲಿ ಸಾಲುಗಟ್ಟಿ ನಿಂತು ಒಳಗೆ ಹೋದವರನ್ನು ಸರಿದಾಡುವ ಕುರ್ಚಿಯ ಮೇಲೆ ಕೂರಿಸಿ 1960ರ ಅಮೆರಿಕದ ಮೇಲೆ ಹಾರಿಸಿದ ಹಾಗೆ ಕರೆದೊಯ್ಯುತ್ತಿದ್ದರು. ಹೆದ್ದಾರಿಗಳು, ಗಗನಚುಂಬಿಗಳು, ಹೊಗೆಯಿಲ್ಲದ ಊರು. ನಾನು ಭವಿಷ್ಯವನ್ನು ನೋಡಿದ್ದೇನೆ ಎಂಬ ಬಿಲ್ಲೆಯೊಂದನ್ನು ಹೊರಗೆ ಬರುವಾಗ ಅಂಗಿಗೆ ಸಿಕ್ಕಿಸಿಕೊಳ್ಳಲು ಕೊಡುತ್ತಿದ್ದರು. ವೆಸ್ಟಿಂಗ್‌ಹೌಸ್ ಕಂಪನಿಯ ಮಳಿಗೆಯಲ್ಲಿ ಏಳಡಿಯ ಯಂತ್ರಮಾನವ ಎಲೆಕ್ಟ್ರೋ ನಡೆಯುತ್ತಿದ್ದ, ಮಾತಾಡುತ್ತಿದ್ದ, ಸಿಗರೇಟು ಸೇದುತ್ತಿದ್ದ.

ಇಂಥ ಜಾಗದಲ್ಲಿ ಸೂಪರ್‌ಮ್ಯಾನ್ ಇರದಿದ್ದರೆ ಹೇಗೆ? ಅವನು ಬೆಳಕು ಕಂಡು ಆಗ ಒಂದೇ ವರ್ಷ. ಕ್ಲೀವ್‌ಲೆಂಡಿನ ಇಬ್ಬರು ಹುಡುಗರು, ಜೆರಿ ಸೀಗಲ್ ಮತ್ತು ಜೋ ಶುಸ್ಟರ್, 130 ಡಾಲರಿಗೆ ಹಕ್ಕು ಬರೆದುಕೊಟ್ಟ ಆ ಪಾತ್ರ 1938ರ ವಸಂತದಲ್ಲಿ ಅಂಗಡಿಗೆ ಬಂದು, 1939ರ ಜನವರಿಯಲ್ಲಿ ದಿನಪತ್ರಿಕೆಗಳಿಗೂ ಹಬ್ಬಿತ್ತು. ಮೇಳದ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನ ಹಗಲಿನ ರೂಪವಾದ ಪತ್ರಕರ್ತ ಕ್ಲಾರ್ಕ್ ಕೆಂಟ್ ಮತ್ತು ಅವನ ಸಹೋದ್ಯೋಗಿ ಲೋಯಿಸ್ ಲೇನ್ ವರದಿ ಮಾಡಲು ಮೇಳಕ್ಕೆ ಹೋಗುತ್ತಾರೆ. ಆ ದಿನಗಳ ಸೂಪರ್‌ಮ್ಯಾನ್ ಇನ್ನೂ ನೆಲದ ಮೇಲಿನವನು. ಹಾರುವುದು ಬಾರದು, ನೆಗೆಯುತ್ತಾನೆ, ಅಷ್ಟೇ. ಬಾಹ್ಯಾಕಾಶದ ವೈರಿಗಳು ಬರಲು ಇನ್ನೂ ವರ್ಷಗಳಿವೆ. ಅವನ ಎದುರಿಗೆ ಇರುವವರು ಊರಿನ ಪುಂಡರು, ಲಂಚಕೋರರು, ಕೆಲಸಗಾರರನ್ನು ಸುಲಿಯುವ ಧಣಿಗಳು. ನನಗೆ ಈ ಸೂಪರ್‌ಮ್ಯಾನ್ ಮೇಲೆ ಹೆಚ್ಚು ಪ್ರೀತಿ. ಮುಂದೆ ಅವನು ಗ್ರಹಗಳನ್ನೇ ಎತ್ತಿ ಎಸೆಯುವಷ್ಟು ಬಲವಂತನಾದ, ಆದರೆ ಬೀದಿಯ ಮನುಷ್ಯರ ಪಕ್ಕದಲ್ಲಿ ನಿಂತ ಆ ಮೊದಲ ಎರಡು ವರ್ಷಗಳ ಸಿಟ್ಟು ಮತ್ತೆ ಅವನಲ್ಲಿ ಅಷ್ಟಾಗಿ ಕಾಣಲಿಲ್ಲ.

ಮುಖಪುಟ ಬರೆದವರು ಸಂಪಾದಕ ವಿನ್ ಸಲಿವನ್. ಅದರಲ್ಲಿ ಸೂಪರ್‌ಮ್ಯಾನ್‌ನ ಕೂದಲು ಹೊಂಬಣ್ಣ! ಬಣ್ಣ ಹಾಕುವಲ್ಲಿ ಆದ ಎಡವಟ್ಟು. ಇವತ್ತು ಲೋಕದ ಯಾವ ಮೂಲೆಯ ಮಗುವೂ ಅವನ ಕಪ್ಪು ಕೂದಲಿನ ಸುರುಳಿಯನ್ನು ಗುರುತಿಸುತ್ತದೆ. ಅವತ್ತು ಅವನ ಸ್ವಂತ ಮನೆಯಲ್ಲೇ ಆ ಗುರುತು ಇನ್ನೂ ಗಟ್ಟಿಯಾಗಿರಲಿಲ್ಲ. ಅವನ ಜೊತೆಗೆ ಮುಖಪುಟದಲ್ಲಿ ಇರುವವರು ಮಂತ್ರವಾದಿ ಜಟಾರ, ಬುಚ್ ಎಂಬ ನಾಯಿಮರಿ, ಜಿಂಜರ್ ಸ್ನ್ಯಾಪ್ ಎಂಬ ಹುಡುಗಿ, ಮತ್ತು ಸ್ಯಾಂಡ್‌ಮ್ಯಾನ್. ಈ ಜೋಡಣೆಯನ್ನು ನೋಡಿದರೆ ಆಗಿನ ಕಾಮಿಕ್ಸ್ ಅಂಗಡಿ ಹೇಗಿತ್ತು ಎಂಬುದು ತಿಳಿಯುತ್ತದೆ. ಅತಿಮಾನವ, ಜಾದೂಗಾರ, ನಾಯಿಮರಿ ಮೂವರಿಗೂ ಒಂದೇ ಪಂಕ್ತಿ. ಮುಂದೆ ಯಾರು ಉಳಿಯುತ್ತಾರೆ, ಯಾರು ಮರೆಯಾಗುತ್ತಾರೆ ಎಂಬುದು ಪ್ರಕಾಶಕರಿಗೂ ಗೊತ್ತಿರಲಿಲ್ಲ.

ಬ್ಯಾಟ್‌ಮ್ಯಾನ್ ಎಲ್ಲಿ ಎಂದು ನೀವು ಕೇಳಬಹುದು. ಅವನು ಇಲ್ಲ. ‘ಡಿಟೆಕ್ಟಿವ್ ಕಾಮಿಕ್ಸ್’ನ 27ನೇ ಸಂಚಿಕೆಯಲ್ಲಿ ಅವನು ಮೊದಲು ಕಾಣಿಸಿಕೊಂಡದ್ದು 1939ರ ಮಾರ್ಚ್ ಕೊನೆಗೆ, ಮೇಳ ಶುರುವಾಗಲು ಒಂದು ತಿಂಗಳಿದ್ದಾಗ. ವಿಶೇಷಾಂಕದ ಪುಟಗಳು ಅಷ್ಟರಲ್ಲಿ ಸಿದ್ಧವಾಗಿರಬೇಕು. ಆದರೆ ಬ್ಯಾಟ್‌ಮ್ಯಾನ್‌ಗೆ ಗೆರೆ ಕೊಟ್ಟ ಬಾಬ್ ಕೇನ್ ಈ ಪುಸ್ತಕದಲ್ಲಿ ಇದ್ದಾರೆ, ಜಿಂಜರ್ ಸ್ನ್ಯಾಪ್‌ನ ನಗೆಪುಟಗಳ ಚಿತ್ರಕಾರನಾಗಿ. ಅದೇ ತಿಂಗಳುಗಳಲ್ಲಿ, ಅದೇ ಕೈಯಿಂದ, ಒಂದು ಕಡೆ ದುಂಡುಮುಖದ ಹುಡುಗಿ, ಇನ್ನೊಂದು ಕಡೆ ರಾತ್ರಿಯ ಛಾವಣಿಗಳ ಮೇಲೆ ನಿಲ್ಲುವ ಕರಿಯ ಆಕೃತಿ. ಯಾವುದರಿಂದ ತನಗೆ ಅನ್ನ ಹುಟ್ಟುತ್ತದೆ ಎಂದು ಅವರಿಗೂ ಆಗ ತಿಳಿದಿರಲಾರದು.

ಮೊದಲ ಸಂಚಿಕೆಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಸ್ಯಾಂಡ್‌ಮ್ಯಾನ್ ಹತ್ತಿರ. ಹಗಲಲ್ಲಿ ಶ್ರೀಮಂತ ವೆಸ್ಲಿ ಡಾಡ್ಸ್, ರಾತ್ರಿ ಟೊಪ್ಪಿ ಹಾಕಿ, ಸೂಟು ಧರಿಸಿ, ಮುಖಕ್ಕೆ ವಿಷಾನಿಲದ ಮುಖವಾಡ ಕಟ್ಟಿ, ನಿದ್ದೆಯ ಅನಿಲ ಉಗುಳುವ ಬಂದೂಕು ಹಿಡಿದು ಹೊರಡುವವನು. ಅವನ ಮೊದಲ ಕತೆ ‘ಅಡ್ವೆಂಚರ್ ಕಾಮಿಕ್ಸ್’ನ 40ನೇ ಸಂಚಿಕೆಯದು ಎಂದು ಸಾಮಾನ್ಯವಾಗಿ ಹೇಳುವುದುಂಟು, ಅಂಗಡಿಗೆ ಅದಕ್ಕಿಂತ ತುಸು ಮುಂಚೆ ಬಂದದ್ದು ಮೇಳದ ಈ ಪುಸ್ತಕ ಎಂದು ಕಾಮಿಕ್ಸ್ ಇತಿಹಾಸಕಾರರು ನಂಬುತ್ತಾರೆ. ಅಂದರೆ ಓದುಗರು ಅವನನ್ನು ಮೊದಲು ನೋಡಿದ್ದೇ ನಾಳೆಯ ಲೋಕದ ಹಿನ್ನೆಲೆಯಲ್ಲಿ. ಹೊಗೆಯಿಲ್ಲದ ಊರುಗಳನ್ನು ತೋರಿಸುವ ಆ ಬಿಳಿಯ ಮೇಳದೊಳಗೆ ಅನಿಲದ ಮುಖವಾಡ ಹಾಕಿದ ಮನುಷ್ಯನೊಬ್ಬ ಓಡಾಡುತ್ತಿದ್ದಾನೆ. 1914ರಿಂದ 1918ರ ಯುದ್ಧದಲ್ಲಿ ಕಂದಕಗಳಿಗೆ ಹೋಗಿ ಬಂದ ತಂದೆಯರು ಆ ಮುಖವಾಡವನ್ನು ಚೆನ್ನಾಗಿ ಬಲ್ಲರು. ಮಕ್ಕಳಿಗೆಂದು ಕೊಂಡ ಪುಸ್ತಕವನ್ನು ತಿರುವುವಾಗ ಅಂಥ ಅಪ್ಪಂದಿರು ಆ ಪುಟದಲ್ಲಿ ಒಂದು ಗಳಿಗೆ ನಿಂತಿರಬೇಕು ಎಂದು ನನಗೆ ಅನ್ನಿಸುತ್ತದೆ.

ಸ್ಯಾಂಡ್‌ಮ್ಯಾನ್‌ನನ್ನು ಸೃಷ್ಟಿಸಿದವರು ಇಬ್ಬರು. ಬರಹಗಾರ ಗಾರ್ಡ್ನರ್ ಫಾಕ್ಸ್, ವಕೀಲಿಕೆ ಓದಿದವರು. ಅವರ ಮಾತು ಮುಂದೆ ಮತ್ತೆ ಬರುತ್ತದೆ. ಚಿತ್ರಕಾರ ಬರ್ಟ್ ಕ್ರಿಸ್ಟ್‌ಮನ್‌ಗೆ ವಿಮಾನದ ಹುಚ್ಚು. ಚಿತ್ರ ಬರೆಯುವುದನ್ನು ಬಿಟ್ಟು ನೌಕಾಪಡೆಯ ವೈಮಾನಿಕ ತರಬೇತಿಗೆ ಸೇರಿದರು. ಮುಂದೆ ಚೀನಾದ ಪರವಾಗಿ ಜಪಾನಿನ ವಿರುದ್ಧ ಹೋರಾಡಲು ಹೋದ ಅಮೆರಿಕನ್ ಸ್ವಯಂಸೇವಕ ವೈಮಾನಿಕರ ದಳ, ಫ್ಲೈಯಿಂಗ್ ಟೈಗರ್ಸ್ ಎಂದು ಹೆಸರಾದದ್ದು, ಅದರಲ್ಲೊಬ್ಬರಾಗಿ ಬರ್ಮಾಕ್ಕೆ ಬಂದರು. 1942ರ ಜನವರಿ 23ರಂದು ರಂಗೂನಿನ ಮೇಲಿನ ಕಾಳಗದಲ್ಲಿ ಅವರ ವಿಮಾನಕ್ಕೆ ಏಟು ಬಿತ್ತು. ಪ್ಯಾರಾಶೂಟಿನಲ್ಲಿ ಇಳಿಯುತ್ತಿರುವಾಗಲೇ ಗುಂಡು ತಗುಲಿ ತೀರಿಕೊಂಡರು. ಅದೇ ವಾರಗಳಲ್ಲಿ ರಂಗೂನಿನಲ್ಲಿದ್ದ ಭಾರತೀಯರು ಬಾಂಬಿಗೆ ಹೆದರಿ ಊರು ಬಿಟ್ಟು ಅರಾಕಾನ್ ಮತ್ತು ಮಣಿಪುರದ ದಾರಿಗಳಲ್ಲಿ ನಡೆದು ಬರುತ್ತಿದ್ದರು. ನ್ಯೂಯಾರ್ಕಿನ ಮೇಳದ ಒಂದು ಮಕ್ಕಳ ಪುಸ್ತಕದಿಂದ ಎಳೆದ ಗೆರೆ ನಮ್ಮ ಪೂರ್ವದ ಗಡಿಯ ಹತ್ತಿರಕ್ಕೆ ಹೀಗೆ ಬಂದು ಮುಟ್ಟುತ್ತದೆ.

ಈಗ ನಡುವಿನ ವರ್ಷ. ಮೇಳ ಬಾಗಿಲು ತೆರೆಯುವುದಕ್ಕೂ ಮುಂಚೆಯೇ, 1939ರ ಮಾರ್ಚಿನಲ್ಲಿ, ಹಿಟ್ಲರನ ಪಡೆ ಪ್ರಾಗ್ ನಗರಕ್ಕೆ ನುಗ್ಗಿತ್ತು. ಚೆಕೊಸ್ಲೊವಾಕಿಯಾದ ಮಳಿಗೆ ಅರ್ಧಕ್ಕೆ ನಿಂತಿತ್ತು. ದೇಶವೇ ಇಲ್ಲದ ಮೇಲೆ ಮಳಿಗೆ ಯಾಕೆ ಎಂದು ಬಿಡಲಿಲ್ಲ. ಅಮೆರಿಕದಲ್ಲಿದ್ದವರ ನೆರವಿನಿಂದ ಅದನ್ನು ಮುಗಿಸಿ ತೆರೆದರು. ಸೆಪ್ಟೆಂಬರ್ 1ರಂದು ಪೋಲೆಂಡಿನ ಸರದಿ. ಪೋಲೆಂಡಿನ ಮಳಿಗೆಯ ಮುಂದೆ ಎರಡು ಕತ್ತಿಗಳನ್ನು ಅಡ್ಡಹಿಡಿದ ರಾಜ ಯಾಗೆಲ್ಲೊನ ಪ್ರತಿಮೆ ಇತ್ತು. ಅದು ತಾಯ್ನಾಡಿಗೆ ಮರಳಲೇ ಇಲ್ಲ, ಇವತ್ತಿಗೂ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದೆ. ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ಯುದ್ಧಕ್ಕೆ ಹೋಯಿತು. ಕೆಂಪು ನಕ್ಷತ್ರ ಎತ್ತಿಹಿಡಿದ ಕಾರ್ಮಿಕನ ಪ್ರತಿಮೆ ಹೊತ್ತಿದ್ದ ಅದರ ಭಾರೀ ಮಳಿಗೆಯನ್ನು ಮೊದಲ ವರ್ಷ ಮುಗಿದ ಮೇಲೆ ಕೆಡವಿದರು. ಆಲ್ವರ್ ಆಲ್ಟೊ ರೂಪಿಸಿದ್ದ ಫಿನ್ಲೆಂಡಿನ ಮಳಿಗೆ ಉಳಿಯಿತು. 1940ರ ಮೇ 11ರಂದು ಮೇಳ ಮತ್ತೆ ತೆರೆದಾಗ ನಾಳೆಯ ಲೋಕದ ಘೋಷಣೆ ಹಿಂದೆ ಸರಿದಿತ್ತು. ಶಾಂತಿ, ಸ್ವಾತಂತ್ರ್ಯಗಳ ಹೆಸರಿನ ಹೊಸ ಘೋಷಣೆ ಬಂದಿತ್ತು. ದೊಡ್ಡವರ ಟಿಕೆಟ್ 75 ಸೆಂಟಿನಿಂದ 50ಕ್ಕೆ ಇಳಿದಿತ್ತು.

ಅದೇ ಮೇ 11ರಂದು ಎರಡನೇ ವಿಶೇಷಾಂಕವೂ ಬಂತು. ಪ್ರಕಾಶಕರು ಈ ಸಲ ಬೆಲೆಯನ್ನು ನೇರವಾಗಿ 15 ಸೆಂಟು ಎಂದೇ ಅಚ್ಚು ಹಾಕಿಸಿದರು. ಮುಖಪುಟಕ್ಕೆ ಕ್ರೀಡಾ ಪುಟಗಳಲ್ಲಿ ಚಿತ್ರ ಬರೆದು ಕೈ ಪಳಗಿಸಿಕೊಂಡಿದ್ದ ಜ್ಯಾಕ್ ಬರ್ನ್‌ಲಿಯನ್ನು ಕರೆತಂದರು. ಆಟಗಾರರ ಮೈಕಟ್ಟು ಬಲ್ಲ ಕೈ ಅದು ಎಂಬುದು ನೋಡಿದ ಕೂಡಲೇ ಗೊತ್ತಾಗುತ್ತದೆ. ಶುಸ್ಟರ್‌ನ ಸೂಪರ್‌ಮ್ಯಾನ್ ಚುರುಕಾದ ಗೀಚಿನಲ್ಲಿ ಬದುಕುವವನು. ಬರ್ನ್‌ಲಿಯ ಸೂಪರ್‌ಮ್ಯಾನ್‌ಗೆ ತೂಕವಿದೆ, ಎಲುಬಿದೆ. ಈ ಮುಖಪುಟದ ಮಹತ್ವ ಬೇರೆಯೇ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಮತ್ತು ಆಗಷ್ಟೇ ಹುಟ್ಟಿದ್ದ, ಬ್ಯಾಟ್‌ಮ್ಯಾನ್‌ನ ಕಿರಿಯ ಜೊತೆಗಾರ ರಾಬಿನ್ ಮೂವರೂ ಒಂದೇ ಚಿತ್ರದಲ್ಲಿ ನಿಂತದ್ದು ಅದೇ ಮೊದಲು. ಜಟಾರ ಇನ್ನೂ ಪುಸ್ತಕದಲ್ಲಿ ಇದ್ದಾನೆ, ಆದರೆ ಮುಖಪುಟದಿಂದ ಇಳಿದಿದ್ದಾನೆ. ನಾಯಿಮರಿ, ಹುಡುಗಿ ಇಬ್ಬರೂ ಅಲ್ಲಿಲ್ಲ. ಕಾಮಿಕ್ಸ್ ಯಾವ ದಾರಿ ಹಿಡಿಯಬೇಕು ಎಂಬುದು ಒಂದೇ ವರ್ಷದಲ್ಲಿ ತೀರ್ಮಾನವಾಗಿತ್ತು.

ಒಳಗೆ ಬಂದ ಹೊಸಬರನ್ನು ನೋಡಿ. ಗುಳಿಗೆ ನುಂಗಿ ಒಂದು ಗಂಟೆ ಕಾಲ ಬಲ ಪಡೆಯುವ ಅವರ್‌ಮ್ಯಾನ್. ತನಗೇ ತಿಳಿಯದೆ ಮಾಂತ್ರಿಕ ಸಿಡಿಲನ್ನು ಕರೆಯುವ ಜಾನಿ. ಭೂಸೇನೆ, ನೌಕಾಪಡೆ, ಮರೀನ್ ಪಡೆಗಳಿಂದ ಒಬ್ಬೊಬ್ಬರಂತೆ ಬಂದ ಮೂವರು ಗೆಳೆಯರ ‘ರೆಡ್, ವೈಟ್ ಅಂಡ್ ಬ್ಲೂ’. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದೂವರೆ ವರ್ಷವಿತ್ತು, ಆದರೆ ಮೇಳದ ಮಕ್ಕಳ ಪುಸ್ತಕದಲ್ಲಿ ಮೂರೂ ಪಡೆಗಳ ಸಮವಸ್ತ್ರ ಬಂದು ಕೂತಿತ್ತು. ಬ್ಯಾಟ್‌ಮ್ಯಾನ್ ಕತೆಯಲ್ಲಿ ಬ್ರೂಸ್ ವೇನ್ ಮತ್ತು ಡಿಕ್ ಗ್ರೇಸನ್ (ಮುಖವಾಡ ತೆಗೆದ ಬ್ಯಾಟ್‌ಮ್ಯಾನ್ ಮತ್ತು ರಾಬಿನ್) ಮೇಳ ನೋಡಲು ಹೋಗಿರುತ್ತಾರೆ. ಅತ್ತ ಡಾಕ್ಟರ್ ವ್ರೀಕಿಲ್ ಎಂಬ ವಿಜ್ಞಾನಿ ಉಕ್ಕನ್ನೇ ಕರಗಿಸುವ ಕಿರಣ ಕಂಡುಹಿಡಿದು ಸೇತುವೆಗಳನ್ನು ಉರುಳಿಸುತ್ತಾನೆ. ಆ ಮೇಳ ನಿಂತದ್ದೇ ಉಕ್ಕಿನ ಮೇಲೆ. ಅದರ ಮಳಿಗೆಗಳು ಹೊಗಳಿದ್ದೆಲ್ಲ ಉಕ್ಕಿನ ಸೇತುವೆ, ಉಕ್ಕಿನ ಗೋಪುರ, ಉಕ್ಕಿನ ಕಾರುಗಳನ್ನು. ಕತೆ ಬರೆದವರು ಹೆಚ್ಚು ಯೋಚಿಸಿ ಬರೆದರೋ ಅವಸರದಲ್ಲಿ ಬರೆದರೋ, ಅದರ ಒಳಗಿನ ಭಯ ಮಾತ್ರ ಆ ವರ್ಷದ್ದೇ. ಗಟ್ಟಿಯೆಂದು ನಂಬಿದ್ದು ರಾತ್ರಿ ಬೆಳಗಾಗುವುದರೊಳಗೆ ಕುಸಿಯಬಹುದು ಎಂಬ ಸುದ್ದಿ ಯುರೋಪಿನಿಂದ ದಿನವೂ ಬರುತ್ತಿತ್ತು. ಎರಡನೇ ಸಂಚಿಕೆ ಅಂಗಡಿಗೆ ಬಂದ ಆರು ವಾರದೊಳಗೆ ಪ್ಯಾರಿಸ್ ಕೈತಪ್ಪಿ ಫ್ರಾನ್ಸ್ ಶರಣಾಗಿತ್ತು.

1940ರ ಜುಲೈ 3ನ್ನು ಮೇಳದವರು ಸೂಪರ್‌ಮ್ಯಾನ್ ದಿನ ಎಂದು ಆಚರಿಸಿದರು. ಮಕ್ಕಳಿಗೆ ಓಟ, ಜಿಗಿತಗಳ ಪಂದ್ಯ. ರೇ ಮಿಡಲ್‌ಟನ್ ಎಂಬ ನಟ ನೀಲಿ ಕೆಂಪು ಉಡುಪು ತೊಟ್ಟು ಬಂದರು; ಆ ವೇಷದಲ್ಲಿ ಜನರ ಎದುರು ನಿಂತ ಮೊದಲ ನಟ ಅವರೇ ಎಂದು ಪರಿಗಣಿಸಲಾಗಿದೆ. ಕಾಗದದ ಮೇಲಿದ್ದವನು ಮೈ ತಾಳಿ ಬಂದದ್ದನ್ನು ಅವತ್ತು ಸಾವಿರಾರು ಮಕ್ಕಳು ಕಂಡಿರುತ್ತಾರೆ. ಮರುದಿನ ಜುಲೈ 4, ಸ್ವಾತಂತ್ರ್ಯ ದಿನದ ರಜೆ. ಬ್ರಿಟಿಷ್ ಮಳಿಗೆಯಲ್ಲಿ ಟಿಕ್ ಟಿಕ್ ಎನ್ನುವ ಚೀಲವೊಂದು ಸಿಕ್ಕಿತು. ಜನರಿಂದ ದೂರಕ್ಕೆ, ಪೋಲೆಂಡಿನ ಮಳಿಗೆಯ ಹತ್ತಿರದ ಬಯಲಿಗೆ ಅದನ್ನು ಒಯ್ದು ಬಿಚ್ಚಿ ನೋಡುತ್ತಿದ್ದ ಇಬ್ಬರು ಪೊಲೀಸ್ ಪತ್ತೇದಾರರು ಬಾಂಬು ಸಿಡಿದು ಸತ್ತರು. ಇಟ್ಟವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ಆ ಇಬ್ಬರು ಅದನ್ನು ಹೊರಗೆ ಒಯ್ಯದಿದ್ದರೆ ರಜೆಯ ದಿನದ ಜನಸಂದಣಿಯಲ್ಲಿ ಎಷ್ಟು ಜೀವ ಹೋಗುತ್ತಿತ್ತೋ. ಈ ಎರಡು ದಿನಗಳನ್ನು ನಾನು ಬೇರೆ ಬೇರೆಯಾಗಿ ನೆನೆಯಲಾರೆ.

ಇನ್ನು ಇಡೀ ಬರಹಕ್ಕೆ ನನ್ನನ್ನು ಎಳೆದು ತಂದ ಮಾತಿಗೆ ಬರುತ್ತೇನೆ. 1940ರ ಮುಖಪುಟದಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ರಾಬಿನ್ ಜೊತೆಯಾಗಿದ್ದಾರೆ. ಪುಟ ತೆರೆದರೆ ಸೂಪರ್‌ಮ್ಯಾನ್‌ಗೆ ಅವನದೇ ಕತೆ, ಬ್ಯಾಟ್‌ಮ್ಯಾನ್‌ಗೆ ಅವನದೇ ಕತೆ. ಇಬ್ಬರೂ ಅದೇ ಮೇಳಕ್ಕೆ ಬಂದಿದ್ದಾರೆ, ಅದೇ ಬಿಳಿಯ ಗೋಳದ ಕೆಳಗೆ ಓಡಾಡಿದ್ದಾರೆ, ಆದರೆ ಒಬ್ಬರಿಗೊಬ್ಬರು ಎದುರಾಗುವುದೇ ಇಲ್ಲ. ಸ್ಯಾಂಡ್‌ಮ್ಯಾನ್ ಕೂಡ ಹಾಗೆಯೇ, ಜಟಾರ ಕೂಡ ಹಾಗೆಯೇ. ಮೇಳವೂ ಹೀಗೇ ಇತ್ತಲ್ಲವೇ? ಒಂದು ಟಿಕೆಟ್ಟಿಗೆ ಅಷ್ಟೊಂದು ದೇಶಗಳು, ಸಾಲಾಗಿ, ಒಂದರ ಪಕ್ಕ ಒಂದು, ಪ್ರತಿಯೊಂದೂ ತನ್ನ ಗೋಡೆಯೊಳಗೆ ತನ್ನ ಕತೆಯನ್ನು ಮಾತ್ರ ಹೇಳಿಕೊಳ್ಳುತ್ತ. ಗಡಿಯಾಚೆ ಯುದ್ಧ ನಡೆಯುತ್ತಿದ್ದರೂ ಮಳಿಗೆಗಳ ನಡುವಿನ ಕಾರಂಜಿ ಚಿಮ್ಮುತ್ತಲೇ ಇತ್ತು. ಜೊತೆಗೆ ನಿಲ್ಲಿಸಿದ ಮಾತ್ರಕ್ಕೆ ಜೊತೆಯಾಗುವುದಿಲ್ಲ ಎಂಬುದನ್ನು ಆ ಎರಡು ಬೇಸಿಗೆಗಳಷ್ಟು ಸ್ಪಷ್ಟವಾಗಿ ತೋರಿಸಿದ ಕಾಲ ಕಡಿಮೆ.

ಕಾಮಿಕ್ಸ್ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. 1940ರ ಕೊನೆಯಲ್ಲಿ, ಮೇಳ ಮುಚ್ಚುವ ಆಸುಪಾಸಿನಲ್ಲೇ, ‘ಆಲ್ ಸ್ಟಾರ್ ಕಾಮಿಕ್ಸ್’ನ ಮೂರನೇ ಸಂಚಿಕೆ ಬಂತು. ಬರೆದವರು ಅದೇ ಗಾರ್ಡ್ನರ್ ಫಾಕ್ಸ್. ಅದೂ ಮೂಲತಃ ಬಿಡಿ ಕತೆಗಳ ಸಂಕಲನವೇ. ಆದರೆ ಈ ಸಲ ಕತೆಗಳ ನಡುವೆ ವೀರರನ್ನೆಲ್ಲ ಒಂದು ಮೇಜಿನ ಸುತ್ತ ಊಟಕ್ಕೆ ಕೂರಿಸಿದರು. ಒಬ್ಬೊಬ್ಬರೂ ತಮ್ಮ ತಮ್ಮ ಸಾಹಸವನ್ನು ಉಳಿದವರಿಗೆ ಹೇಳಬೇಕು. ಸ್ಯಾಂಡ್‌ಮ್ಯಾನ್ ಅಲ್ಲಿದ್ದ, ಅವರ್‌ಮ್ಯಾನ್ ಅಲ್ಲಿದ್ದ. ಜಸ್ಟಿಸ್ ಸೊಸೈಟಿ ಎಂಬ ಹೆಸರಿನ ಆ ಕೂಟ ಕಾಮಿಕ್ಸಿನ ಮೊದಲ ವೀರರ ತಂಡ. ಇವತ್ತು ಸಿನಿಮಾಗಳಲ್ಲಿ ಹತ್ತು ಹದಿನೈದು ಮಂದಿ ವೀರರು ಒಟ್ಟಿಗೆ ನುಗ್ಗುವುದನ್ನು ನೋಡುತ್ತೇವಲ್ಲ, ಅದರ ಬೇರು ಆ ಊಟದ ಮೇಜಿನಲ್ಲಿದೆ. ಮುಖಪುಟದ ಮೇಲೆ ಪಕ್ಕಪಕ್ಕ ನಿಂತ ಮೇಲೆ ಮುಂದಿನ ಹೆಜ್ಜೆ ಮಾತಾಡುವುದೇ ಎಂದು ಒಬ್ಬ ಬರಹಗಾರನಿಗೆ ಹೊಳೆಯಿತು. ಫಾಕ್ಸ್ ಬಗ್ಗೆ ನನಗಿರುವ ಗೌರವ ಮುಖ್ಯವಾಗಿ ಇದಕ್ಕಾಗಿ.

ಸೂಪರ್‌ಮ್ಯಾನ್ ಮತ್ತು ಬ್ಯಾಟ್‌ಮ್ಯಾನ್ ಒಂದೇ ಕತೆಯಲ್ಲಿ ಜೊತೆಗೂಡಲು ಇನ್ನೂ ಬಹಳ ತಡವಾಯಿತು. ಮೇಳ ಮುಗಿದರೂ ಆ ದಪ್ಪ ಪುಸ್ತಕದ ಆಕಾರ ಪ್ರಕಾಶಕರಿಗೆ ಹಿಡಿಸಿತ್ತು. 96 ಪುಟ, ರಟ್ಟಿನ ಹೊದಿಕೆ, 15 ಸೆಂಟು, ಎಲ್ಲವನ್ನೂ ಹಾಗೇ ಉಳಿಸಿಕೊಂಡು 1941ರ ವಸಂತದಲ್ಲಿ ‘ವರ್ಲ್ಡ್ಸ್ ಬೆಸ್ಟ್ ಕಾಮಿಕ್ಸ್’ ಶುರು ಮಾಡಿದರು. ಎರಡನೇ ಸಂಚಿಕೆಗೆ ಅದು ‘ವರ್ಲ್ಡ್ಸ್ ಫೈನೆಸ್ಟ್ ಕಾಮಿಕ್ಸ್’ ಆಯಿತು. ಮುಖಪುಟಗಳಲ್ಲಿ ಮೂವರೂ ಸೇರಿ ಆಟವಾಡುತ್ತಾರೆ, ದೋಣಿ ಹುಟ್ಟು ಹಾಕುತ್ತಾರೆ. ಒಳಗೆ ಮತ್ತೆ ಬೇರೆ ಬೇರೆ ಬಿಡಾರ. 1952ರಲ್ಲಿ ‘ಸೂಪರ್‌ಮ್ಯಾನ್’ ಪತ್ರಿಕೆಯ 76ನೇ ಸಂಚಿಕೆಯಲ್ಲಿ ಕ್ಲಾರ್ಕ್ ಮತ್ತು ಬ್ರೂಸ್‌ಗೆ ಹಡಗೊಂದರಲ್ಲಿ ಒಂದೇ ಕೋಣೆ ಸಿಗುತ್ತದೆ, ಒಬ್ಬರ ಗುಟ್ಟು ಇನ್ನೊಬ್ಬರಿಗೆ ತಿಳಿಯುತ್ತದೆ. ‘ವರ್ಲ್ಡ್ಸ್ ಫೈನೆಸ್ಟ್’ನಲ್ಲಿ ಇಬ್ಬರೂ ಸೇರಿ ಕೆಲಸ ಮಾಡತೊಡಗಿದ್ದು 1954ರಲ್ಲಿ, 71ನೇ ಸಂಚಿಕೆಯಿಂದ. ಕಾರಣ ಬಹಳ ಸರಳ: ಬೆಲೆಯನ್ನು 10 ಸೆಂಟಿಗೆ ಇಳಿಸಿ ಪುಟಗಳನ್ನು ಕತ್ತರಿಸಿದರು, ಇಬ್ಬರಿಗೂ ಬೇರೆ ಬೇರೆ ಕತೆ ಕೊಡುವಷ್ಟು ಜಾಗ ಉಳಿಯಲಿಲ್ಲ. ಹಾಗೆ ಜಾಗ ಸಾಲದೆ ಒಂದಾದ ಆ ಜೋಡಿಯ ಪತ್ರಿಕೆ 1986ರ ತನಕ ನಡೆಯಿತು, 323 ಸಂಚಿಕೆ. ಮೇಳದಲ್ಲಿ 25 ಸೆಂಟಿಗೆ ಯಾರೂ ಕೊಳ್ಳದ ಪುಸ್ತಕದ ವಂಶ ಅದು.

ಮೇಳಕ್ಕೆ ಎರಡು ವರ್ಷದಲ್ಲಿ ಸುಮಾರು ನಾಲ್ಕೂವರೆ ಕೋಟಿ ಜನ ಬಂದರೂ ಹಾಕಿದ ಹಣ ಮರಳಲಿಲ್ಲ. ಟ್ರೈಲಾನ್, ಪೆರಿಸ್ಫಿಯರ್ ಎರಡನ್ನೂ ಕೆಡವಿ ಅವುಗಳ ಉಕ್ಕನ್ನು ಯುದ್ಧಸಾಮಗ್ರಿಗೆ ಕೊಟ್ಟರು. ವ್ರೀಕಿಲ್‌ನ ಕಿರಣ ಬೇಕಾಗಲಿಲ್ಲ. ನೆಲದ ಮೇಲೆ ಉಳಿದ ಕಟ್ಟಡಗಳಲ್ಲಿ ಮುಖ್ಯವಾದದ್ದು ನ್ಯೂಯಾರ್ಕ್ ನಗರದ ಸ್ವಂತ ಮಳಿಗೆ. ಇವತ್ತು ಅದು ಕ್ವೀನ್ಸ್ ವಸ್ತುಸಂಗ್ರಹಾಲಯ. ಅದರ ಇನ್ನೊಂದು ಚರಿತ್ರೆಯನ್ನು ನಾವು ಭಾರತೀಯರು ತಿಳಿದಿರಬೇಕು. 1946ರಿಂದ 1950ರವರೆಗೆ ವಿಶ್ವಸಂಸ್ಥೆಯ ಮಹಾಸಭೆ ಕೂರುತ್ತಿದ್ದದ್ದು ಅಲ್ಲೇ. ಭಾರತಕ್ಕೆ ಸ್ವಾತಂತ್ರ್ಯ ಬರುವ ಮುಂಚಿನ ಆ ಚಳಿಗಾಲದ ಅಧಿವೇಶನಕ್ಕೆ ನಮ್ಮ ನಿಯೋಗವನ್ನು ಒಯ್ದವರು ವಿಜಯಲಕ್ಷ್ಮಿ ಪಂಡಿತ್. ದಕ್ಷಿಣ ಆಫ್ರಿಕಾದಲ್ಲಿ ಭಾರತೀಯರನ್ನು ನಡೆಸಿಕೊಳ್ಳುತ್ತಿದ್ದ ರೀತಿಯ ವಿರುದ್ಧ ಅವರು ವಾದಿಸಿ, 1946ರ ಡಿಸೆಂಬರಿನಲ್ಲಿ ನಿರ್ಣಯವನ್ನು ಗೆದ್ದರು. ದೇಶಗಳು ತಂತಮ್ಮ ಮಳಿಗೆಯೊಳಗೆ ತಾವಿದ್ದ ಅದೇ ನೆಲದಲ್ಲಿ, ಏಳು ವರ್ಷದೊಳಗೆ, ಒಂದೇ ಸೂರಿನಡಿ ಕೂತು ಒಬ್ಬರನ್ನೊಬ್ಬರು ಪ್ರಶ್ನಿಸಿದವು.

1964ರಲ್ಲಿ ಅಲ್ಲಿ ಮತ್ತೊಂದು ಮೇಳವಾಯಿತು. ಪೆರಿಸ್ಫಿಯರ್ ಇದ್ದ ಜಾಗದಲ್ಲಿ ಯೂನಿಸ್ಫಿಯರ್ ಎಂಬ ಉಕ್ಕಿನ ಭೂಗೋಳ ಎದ್ದದ್ದು ಆಗಲೇ. ಆ ಸಲ ಸ್ವತಂತ್ರ ಭಾರತಕ್ಕೂ ಒಂದು ಮಳಿಗೆ ಇತ್ತು, ಮಾನಸಿಂಗ್ ರಾಣಾ ರೂಪಿಸಿದ್ದು. ನ್ಯೂಯಾರ್ಕಿನ ಸುತ್ತಮುತ್ತ ಇರುವ ಕನ್ನಡಿಗರಿಗೆ ಈ ಪ್ರದೇಶ ಹೊಸದಲ್ಲ. 1977ರಲ್ಲಿ ಫ್ಲಶಿಂಗಿನ ಬೌನ್ ಸ್ಟ್ರೀಟಿನಲ್ಲಿ ತೆರೆದ ಗಣೇಶನ ಗುಡಿ ಆ ಉದ್ಯಾನಕ್ಕೆ ದೂರವೇನಲ್ಲ. ಪೂಜೆ ಮುಗಿಸಿ, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದು ಹೊರಟವರು ಒಂದು ಗಳಿಗೆ ಬಿಡುವು ಮಾಡಿಕೊಂಡು ಆ ಉಕ್ಕಿನ ಗೋಳದ ತನಕ ಹೋಗಿ ಬನ್ನಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಕಾಮಿಕ್ಸ್ ಬರಹಗಾರರು ಮಾತ್ರ ಆ ಹಳೆಯ ಬಿಳಿಯ ಗೋಳವನ್ನು ಕೆಡವಲು ಬಿಡಲಿಲ್ಲ. 1981ರಲ್ಲಿ ರಾಯ್ ಥಾಮಸ್ ‘ಆಲ್-ಸ್ಟಾರ್ ಸ್ಕ್ವಾಡ್ರನ್’ ಎಂಬ ಸರಣಿ ಶುರು ಮಾಡಿದರು. ಪರ್ಲ್ ಹಾರ್ಬರ್ ದಾಳಿಯ ನಂತರದ ದಿನಗಳ ಕತೆ. 1940ರ ದಶಕದ ವೀರರೆಲ್ಲ ಒಂದು ಪಡೆಯಾಗಿ ಸೇರುತ್ತಾರೆ. ಅವರ ಠಾಣ್ಯ ಯಾವುದು ಗೊತ್ತೇ? ಪೆರಿಸ್ಫಿಯರ್. ನಿಜದಲ್ಲಿ ಗುಜರಿಗೆ ಹೋದದ್ದನ್ನು ಕತೆಯಲ್ಲಿ ಉಳಿಸಿ, ಅವತ್ತು ಮೇಳದಲ್ಲಿ ಒಬ್ಬರಿಗೊಬ್ಬರು ಎದುರಾಗದೆ ಹೋದವರ ಪೀಳಿಗೆಗೆ ಅದನ್ನೇ ಮನೆ ಮಾಡಿಕೊಟ್ಟರು. ಹಳೆಯ ಪುಟಗಳನ್ನು ಅಷ್ಟು ಪ್ರೀತಿಯಿಂದ ಓದಿದವನಿಗೆ ಮಾತ್ರ ಹೊಳೆಯುವ ಸಂಗತಿ ಇದು.

ಮೂಲ ಪ್ರತಿಗಳು ನಮ್ಮಂಥವರ ಕೈಗೆ ಎಟುಕುವುದಿಲ್ಲ. ಡಿಸಿ 2004ರಲ್ಲಿ ತನ್ನ ಅಪರೂಪದ ಪುಸ್ತಕಗಳ ಮರುಮುದ್ರಣ ಸಂಪುಟವೊಂದನ್ನು ತಂದಾಗ ಈ ಎರಡೂ ಸಂಚಿಕೆಗಳನ್ನು ಇಡಿಯಾಗಿ ಸೇರಿಸಿತು. ಸಿಕ್ಕರೆ ಅದನ್ನೇ ಓದಿ. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಪುಟಗಳಿಗೆ ನೇರ ಹಾರಬೇಡಿ. 1939ರ ನಾಯಿಮರಿಯನ್ನೂ, ಬಾಬ್ ಕೇನ್ ಬರೆದ ಹುಡುಗಿಯನ್ನೂ ಓದಿಕೊಂಡೇ 1940ಕ್ಕೆ ಬನ್ನಿ. ಇಲ್ಲದಿದ್ದರೆ ಆ ಮುಖಪುಟದಿಂದ ಯಾರು ಯಾರು ಇಳಿದರು ಎಂಬುದು ನಿಮಗೆ ಕಾಣುವುದೇ ಇಲ್ಲ.